ನೂರಿಪ್ಪತ್ತು ಪಾಯಿಂಟ್ ಹೊಡೆದರು, ಸರಿ. ಬಾಲ್ ಎಷ್ಟು ಸಲ ಸಿಕ್ಕಿತ್ತು?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಒಂದು ಚರ್ಚೆ ನೋಡುತ್ತಿದ್ದೆ. ಎರಡು ತಂಡಗಳಲ್ಲಿ ಯಾರ ಆಫೆನ್ಸ್, ಅಂದರೆ ಪಾಯಿಂಟ್ ಗಳಿಸುವ ಆಟ, ಮೇಲು ಅನ್ನೋದು ಪ್ರಶ್ನೆ. ಪರದೆ ಮೇಲೆ ಬಂದದ್ದು ಒಂದೇ ಲೆಕ್ಕ, ಪ್ರತಿ ಮ್ಯಾಚ್‌ಗೆ ಸರಾಸರಿ ಎಷ್ಟು ಪಾಯಿಂಟ್ ಅಂತ. ಯಾರದ್ದು ಜಾಸ್ತಿಯೋ ಅವರೇ ಮೇಲು ಎಂದು ತೀರ್ಮಾನಿಸಿ ಮುಂದಿನ ವಿಷಯಕ್ಕೆ ಹೋಗಿಬಿಟ್ಟರು. ಅಷ್ಟು ಜನ ಕೂತಿದ್ದರಲ್ಲಾ, ಒಬ್ಬರಾದರೂ "ಅವರಿಗೆ ಎಷ್ಟು ಪೊಸೆಷನ್ ಸಿಕ್ಕಿತ್ತು?" ಅಂತ ಕೇಳಬೇಡವೇ? ಪೊಸೆಷನ್ ಅಂದರೆ ಬಾಲ್ ಕೈಗೆ ಬಂದಲ್ಲಿಂದ ಎದುರಾಳಿಗೆ ಹೋಗುವವರೆಗಿನ ಒಂದು ಸರದಿ.

ಎಷ್ಟೋ ವರ್ಷದಿಂದ ಇದೇ ಜಗಳ ಆಡುತ್ತಾ ಬಂದಿದ್ದೇನೆ, ನಿಮಗೆಲ್ಲ ಗೊತ್ತು. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಕ್ರಿಕೆಟ್‌ನಲ್ಲಿ 50 ಓವರ್‌ಗೆ ಹೊಡೆದ 250ನ್ನೂ 20 ಓವರ್‌ಗೆ ಹೊಡೆದ 200ನ್ನೂ ಪಕ್ಕಪಕ್ಕ ಇಟ್ಟು, 250 ಜಾಸ್ತಿ, ಅದೇ ಒಳ್ಳೆ ಬ್ಯಾಟಿಂಗ್ ಅಂತ ಯಾರಾದರೂ ಹೇಳುತ್ತಾರಾ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾತ್ರ ದಿನಾ ಇದನ್ನೇ ಹೇಳುತ್ತಾರೆ.

1990-91ರ ಡೆನ್ವರ್ ನಗೆಟ್ಸ್ ತಂಡವನ್ನೇ ನೋಡಿ. ಕೋಚ್ ಪಾಲ್ ವೆಸ್ಟ್‌ಹೆಡ್. ಬಾಲ್ ಸಿಕ್ಕಿದ ತಕ್ಷಣ ಓಡು, ಹೊಡೆ, ಅಷ್ಟೇ. ಮ್ಯಾಚ್‌ಗೆ ಸರಾಸರಿ 119.9 ಪಾಯಿಂಟ್, ಇಡೀ ಲೀಗ್‌ನಲ್ಲಿ ಮೊದಲು. ಇವತ್ತು ಬೆಳಿಗ್ಗೆಯ ಲೆಕ್ಕದಲ್ಲಿ ಆ ವರ್ಷದ ಅತ್ಯುತ್ತಮ ಆಫೆನ್ಸ್ ಅದೇ ಆಗಬೇಕು. ಆದರೆ ಉಳಿದ ತಂಡಗಳು ಮ್ಯಾಚ್‌ಗೆ ಸುಮಾರು 98 ಪೊಸೆಷನ್ ಆಡುತ್ತಿದ್ದಾಗ ಇವರು ಸುಮಾರು 114 ಆಡುತ್ತಿದ್ದರು. ಪ್ರತಿ ಪೊಸೆಷನ್‌ಗೆ ಎಷ್ಟು ಬಂತು ಅಂತ ನೋಡಿದರೆ ಲೀಗ್‌ನ ಸರಾಸರಿಗಿಂತ ಕೆಳಗೆ. ಅದೇ ಓಟದಲ್ಲಿ ಎದುರಾಳಿಗೆ ಬಿಟ್ಟುಕೊಟ್ಟದ್ದು ಮ್ಯಾಚ್‌ಗೆ 130.8. ಗೆದ್ದದ್ದು 20, ಸೋತದ್ದು 62.

ಒಂದು ಮ್ಯಾಚ್‌ನಲ್ಲಿ ಬಾಲ್ ಆ ಕಡೆ ಈ ಕಡೆ ಸರದಿಯಂತೆ ಹೋಗುತ್ತದೆ. ಹಾಗಾಗಿ ಎರಡೂ ತಂಡಕ್ಕೆ ಹೆಚ್ಚುಕಡಿಮೆ ಅಷ್ಟಷ್ಟೇ ಪೊಸೆಷನ್ ಸಿಗುತ್ತವೆ. ಸಿಕ್ಕಿದ್ದನ್ನು ಯಾರು ಚೆನ್ನಾಗಿ ಬಳಸಿಕೊಂಡರು ಅನ್ನೋದೇ ಆಟ. ಅದಕ್ಕೇ 100 ಪೊಸೆಷನ್‌ಗೆ ಎಷ್ಟು ಪಾಯಿಂಟ್ ಅಂತ ನೋಡುವುದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ತಂಡದ ಕೋಚ್ ಡೀನ್ ಸ್ಮಿತ್ ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಪೊಸೆಷನ್ ಲೆಕ್ಕ ಇಡುತ್ತಿದ್ದರು. ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ.

ಲೆಕ್ಕ ಕಷ್ಟವೂ ಅಲ್ಲ. ಹೊಡೆದ ಶಾಟ್‌ಗಳಲ್ಲಿ (ಬಿದ್ದವು, ಬೀಳದವು ಎರಡೂ) ಆಫೆನ್ಸಿವ್ ರೀಬೌಂಡ್ ಕಳೆಯಿರಿ, ಯಾಕೆಂದರೆ ಬಾಲ್ ನಮಗೇ ವಾಪಸ್ ಸಿಕ್ಕರೆ ಅದೇ ಪೊಸೆಷನ್ ಮುಂದುವರಿಯಿತು ಅಂತ ಅರ್ಥ. ಟರ್ನೋವರ್, ಅಂದರೆ ಶಾಟ್ ಹೊಡೆಯುವ ಮೊದಲೇ ಬಾಲ್ ಕಳೆದುಕೊಂಡದ್ದು, ಕೂಡಿಸಿ. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಸೇರಿಸಿ. ಅರ್ಧ ಅಲ್ಲ, 0.44 ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ಎರಡು ಫ್ರೀ ಥ್ರೋಗೆ ಒಂದು ಪೊಸೆಷನ್ ಮುಗಿಯುತ್ತದೆ. ಆದರೆ ಫೌಲ್ ಆದರೂ ಶಾಟ್ ಬುಟ್ಟಿಗೆ ಬಿದ್ದಾಗ ಸಿಗುವ ಒಂದು ಫ್ರೀ ಥ್ರೋ ಇದೆ, ಟೆಕ್ನಿಕಲ್ ಫೌಲ್‌ಗೆ ಸಿಗುವುದಿದೆ. ಅವು ಹೊಸ ಪೊಸೆಷನ್ ತಿನ್ನುವುದಿಲ್ಲ. 88 ಶಾಟ್, 10 ಆಫೆನ್ಸಿವ್ ರೀಬೌಂಡ್, 14 ಟರ್ನೋವರ್, 25 ಫ್ರೀ ಥ್ರೋ ಅಂದುಕೊಳ್ಳಿ. 103 ಪೊಸೆಷನ್ ಆಯಿತು. 112 ಪಾಯಿಂಟ್ ಹೊಡೆದಿದ್ದರೆ ನೂರಕ್ಕೆ ಸುಮಾರು 108.7. ಇನ್ನೊಂದು ತಂಡ ನಿಧಾನಕ್ಕೆ ಆಡಿ, 95 ಪೊಸೆಷನ್‌ನಲ್ಲಿ 108 ಹೊಡೆದರೆ 113.7. ನಾಲ್ಕು ಪಾಯಿಂಟ್ ಕಮ್ಮಿ ಹೊಡೆದವರ ಆಫೆನ್ಸೇ ಮೇಲು! ಇಷ್ಟನ್ನು ಪರದೆ ಮೇಲೆ ಹಾಕಲು ಏನು ಕಷ್ಟ?

ಆಟಗಾರರ ವಿಷಯದಲ್ಲೂ ಇದೇ ಕಥೆ. 2016ರ ಏಪ್ರಿಲ್‌ನಲ್ಲಿ ಕೋಬಿ ಬ್ರಯಂಟ್ ತಮ್ಮ ಕೊನೆಯ ಮ್ಯಾಚ್‌ನಲ್ಲಿ 60 ಹೊಡೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ಲೇ ಥಾಂಪ್ಸನ್ ಕೂಡ 60 ಹೊಡೆದರು. ಕೋಬಿ ತೆಗೆದುಕೊಂಡದ್ದು 50 ಶಾಟ್. ಕ್ಲೇ 33. ಅದೂ 29 ನಿಮಿಷದಲ್ಲಿ, ಬರೀ 11 ಡ್ರಿಬಲ್‌ನಲ್ಲಿ, ಅಂದರೆ ಬಾಲನ್ನು ಹನ್ನೊಂದೇ ಸಲ ನೆಲಕ್ಕೆ ಪುಟಿಸಿ! ಮೂರು ಪಾಯಿಂಟ್ ಶಾಟ್, ಫ್ರೀ ಥ್ರೋ ಎಲ್ಲ ಸೇರಿಸಿ ನೋಡುವ ಟ್ರೂ ಶೂಟಿಂಗ್ ಲೆಕ್ಕದಲ್ಲಿ ಕೋಬಿಯದ್ದು ಸುಮಾರು 54 ಶೇಕಡಾ, ಕ್ಲೇಯದ್ದು 79. ಎರಡೂ 60 ಒಂದೇ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೋಬಿ ಅಭಿಮಾನಿಗಳೇ, ಬೈಯುವ ಮೊದಲು ಕೇಳಿ. 2006ರಲ್ಲಿ ಅವರು 81 ಹೊಡೆದದ್ದು 46 ಶಾಟ್‌ನಲ್ಲಿ. ಟ್ರೂ ಶೂಟಿಂಗ್ ಸುಮಾರು 74. ಆ ರಾತ್ರಿ ಎಷ್ಟು ದೊಡ್ಡದು ಅಂತ ಬರೀ 81 ಹೇಳುವುದಕ್ಕಿಂತ ಈ ಲೆಕ್ಕ ಜಾಸ್ತಿ ಹೇಳುತ್ತದೆ.

"ಅಂಕಿ ಅಂಶ ಆಟದ ರುಚಿ ಕೆಡಿಸುತ್ತೆ" ಅಂತ ಒಬ್ಬರು ಬರೆದೇ ಬರೆಯುತ್ತಾರೆ. ಪಾಯಿಂಟ್ ಅನ್ನೋದೂ ಅಂಕಿಯೇ ಅಲ್ವಾ? ನೀವೂ ಎಣಿಸುತ್ತಿದ್ದೀರಿ, ಅರ್ಧ ಮಾತ್ರ ಎಣಿಸುತ್ತಿದ್ದೀರಿ. ಇನ್ನೊಂದು ವಾದಕ್ಕೆ ತೂಕ ಇದೆ, ಒಪ್ಪುತ್ತೇನೆ. ಶಾಟ್ ಹೊಡೆಯಲು ಸಿಗುವ 24 ಸೆಕೆಂಡ್ ಮುಗಿಯುತ್ತಾ ಬಂದಾಗ ಯಾರಾದರೂ ಕಷ್ಟದ ಶಾಟ್ ಹೊಡೆಯಲೇಬೇಕು. ಆ ಹೊರೆ ಹೊತ್ತವನನ್ನು, ಬುಟ್ಟಿ ಕೆಳಗೆ ನಿಂತು ಬರೀ ಡಂಕ್ ಮಾಡುವವನ ಜೊತೆ ಹೋಲಿಸಬಾರದು. ಸರಿ. ಆದರೆ ಅದಕ್ಕೆ ಔಷಧಿ ಇನ್ನೂ ಚೆನ್ನಾಗಿ ಅಳೆಯುವುದು. ಅಳತೆಯನ್ನೇ ಬಿಟ್ಟು ಮತ್ತೆ ಪಾಯಿಂಟ್ ಸರಾಸರಿಗೆ ಓಡುವುದಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಹೇಳಿಬಿಡುತ್ತೇನೆ. ಕಾಲೇಜಿನ ಕೊನೆಯ ವರ್ಷದ ಸೆಮಿಫೈನಲ್. ನಾನು 28 ಪಾಯಿಂಟ್ ಹೊಡೆದೆ. ನಾವು ಮೂರು ಪಾಯಿಂಟ್‌ನಿಂದ ಸೋತೆವು. ಎಲ್ಲರೂ ಬಂದು ಬೆನ್ನು ತಟ್ಟಿದರು. "ನೀನೊಬ್ಬನೇ ಆಡಿದೆ ಕಣೋ" ಅಂದರು. ವರ್ಷಗಟ್ಟಲೆ ಹಾಗೇ ನಂಬಿಕೊಂಡಿದ್ದೆ. ಈ ಲೆಕ್ಕ ಕಲಿತ ಮೇಲೆ ಒಂದು ದಿನ ಹಳೆಯ ಸ್ಕೋರ್ ಶೀಟ್ ತೆಗೆದು ಕೂತೆ. 31 ಶಾಟ್ ಹೊಡೆದಿದ್ದೆ, ಬಿದ್ದದ್ದು 11. ಫ್ರೀ ಥ್ರೋ ಆರರಲ್ಲಿ ನಾಲ್ಕು. ಟ್ರೂ ಶೂಟಿಂಗ್ 42 ಶೇಕಡಾ ಕೂಡ ಮುಟ್ಟಲಿಲ್ಲ. ನನ್ನ ಹೆಸರಿನ ಕೆಳಗಿನ ಸಾಲಿನಲ್ಲಿ ಬುಟ್ಟಿ ಹತ್ತಿರ ಆಡುವ ನಮ್ಮ ಸೆಂಟರ್‌ನ ಹೆಸರು. ಏಳು ಶಾಟ್, ಐದು ಬುಟ್ಟಿಗೆ. ಅವನ ಬೆನ್ನು ಅವತ್ತು ಯಾರೂ ತಟ್ಟಿರಲಿಲ್ಲ. ನಾನೂ ತಟ್ಟಿರಲಿಲ್ಲ.

ಅವನು ಇದನ್ನು ಓದುತ್ತಾನೆ ಅಂತ ಗೊತ್ತು. ಬಾಲ್ ನಿನಗೆ ಕೊಡಬೇಕಿತ್ತು ಕಣೋ.