ಎಲಿಪ್ಪನಿಯ ಉದ್ಘಾಟನೆ

ಜುಲೈ ತಿಂಗಳು, ಮಳೆ ಅಂದ್ರೆ ಆಕಾಶಕ್ಕೆ ತೂತು ಬಿದ್ದ ಹಾಗೆ, ಅಂಥಾ ಒಂದು ದಿನ ನಮ್ಮ ಪಂಚಾಯತಿನ ಗೋಡೆಯಲ್ಲಿ ನೋಟಿಸು ಕಂಡಿತು. ಮಲಯಾಳದಲ್ಲಿ. ಕನ್ನಡದ್ದು ಆಮೇಲೆ ಬರ್ತದಂತೆ, 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕಾಯ್ತಾ ಇದ್ದೇವೆ, ಅವಸರ ಎಂತದ್ದೂ ಇಲ್ಲ.

ನಮ್ಮ ಭಾವನಿಗೆ ಮಲಯಾಳ ಮಾತಾಡ್ಲಿಕ್ಕೆ ಚಂದ ಬರ್ತದೆ, ಓದುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಎ, ಲಿ, ಪ್ಪ, ನಿ ಅಂತ ಓದಿದ್ರು. "ಎಲಿ ಅಂದ್ರೆ ನಮ್ಮ ತುಳುವಿನಲ್ಲಿಯೂ ಇಲಿಯೇ, ಪನಿ ಅಂದ್ರೆ ಹನಿ. ಇಲಿಯ ಹನಿ! ಎಂತದು ಮಾರಾಯ ಇದು, ಇಲಿ ಉಚ್ಚೆ ಹೊಯ್ದದ್ದಕ್ಕೆಲ್ಲ ಪಂಚಾಯತು ನೋಟಿಸು ಹಾಕುದಾ?" ನಾನು ನಗಾಡಿದೆ. ಅಲ್ಲ ಭಾವ, ಇವರ ಪನಿ ಅಂದ್ರೆ ಜ್ವರ, ಇದು ಇಲಿಜ್ವರದ ಜಾಗೃತಿ ಕಾರ್ಯಕ್ರಮ ಅಂತ ಹೇಳಿದೆ. ಮನೆಗೆ ಬಂದು ಚಾ ಕುಡಿಯುವಾಗ ಹೊಳೆಯಿತು, ಭಾವ ತಪ್ಪು ಓದಿ ಸರಿಯಾದ್ದನ್ನೇ ಹೇಳಿದ್ದು. ಈ ಜ್ವರ ಬರುದೇ ಆ ಹನಿಯಿಂದ.

ಲೆಪ್ಟೋಸ್ಪೈರಾ ಅಂತ ಒಂದು ಬ್ಯಾಕ್ಟೀರಿಯ. ಇಲಿ ಹೆಗ್ಗಣಗಳ ಕಿಡ್ನಿಯಲ್ಲಿ ಬಾಡಿಗೆ ಇಲ್ಲದೆ ಕೂತಿರ್ತದೆ, ಇಲಿಗೆ ಅದರಿಂದ ಹೆಚ್ಚಾಗಿ ಎಂತದ್ದೂ ಆಗುದಿಲ್ಲ, ಮೂತ್ರದಲ್ಲಿ ಹೊರಗೆ ಬಂದು ನೀರಿಗೆ, ಕೆಸರಿಗೆ ಸೇರ್ತದೆ, ಅಲ್ಲಿ ವಾರಗಟ್ಟಲೆ ಜೀವ ಹಿಡ್ಕೊಂಡಿರ್ತದೆ. ನಮ್ಮ ಕಾಲಿನ ಗಾಯ, ಒಡೆದ ಹಿಮ್ಮಡಿ, ಕಣ್ಣು, ಮೂಗು, ಎಲ್ಲಿಂದಲೂ ಒಳಗೆ ಬರಬಹುದು. ನಾಯಿ, ದನ, ಹಂದಿಯ ಮೂತ್ರದಲ್ಲಿಯೂ ಬರ್ತದೆ, ಆದರೆ ದನದ ಜ್ವರ ಅಂತ ಹೆಸರಿಟ್ರೆ ಈಗಿನ ಕಾಲದಲ್ಲಿ ಗಲಾಟೆ ಆದೀತು, ಹಾಗಾಗಿ ಇಲಿಯ ತಲೆಗೇ ಕಟ್ಟಿದ್ದು ಒಳ್ಳೆದಾಯ್ತು. ಇದರ ಒಂದು ಜಾತಿಗೆ ಇಂಟರೋಗನ್ಸ್ ಅಂತ ಹೆಸರು, ಮೈಕ್ರೋಸ್ಕೋಪಿನಲ್ಲಿ ಪ್ರಶ್ನೆ ಚಿಹ್ನೆಯ ಹಾಗೆ ಕಾಣ್ತದೆ ಅಂತ. ನಮ್ಮ ಗ್ರಾಮಸಭೆಯಲ್ಲಿ ಒಬ್ಬನೂ ಪ್ರಶ್ನೆ ಕೇಳುದಿಲ್ಲ, ತೋಡಿನಲ್ಲಿ ಇದಾದ್ರೂ ಒಂದು ಉಂಟಲ್ಲ.

ಕಾರ್ಯಕ್ರಮಕ್ಕೆ ಹೋದೆವು. ಹಾಲ್‌ನ ಎದುರು ಮೊಣಗಂಟಿನವರೆಗೆ ನೀರು, ಯಾಕಂದ್ರೆ ಚರಂಡಿ ಕಟ್ಟಿತ್ತು, ಚರಂಡಿ ಕಟ್ಟಿದ್ದು ಯಾಕಂದ್ರೆ ಹಿಂದಿನ ವಾರ ಅದೇ ಹಾಲ್‌ನಲ್ಲಿ ಒಂದು ಮದುವೆ ಇತ್ತು. ದಾಟ್ಲಿಕ್ಕೆ ಮೂರು ಕೆಂಪುಕಲ್ಲು ಇಟ್ಟಿದ್ರು, ಮೂರನೆಯದ್ದು ಅಲುಗಾಡ್ತಿತ್ತು. ಗಣ್ಯರಿಗೆ ಆ ಕಲ್ಲು ತಪ್ಪಿ ಹೋಗಿ ಎಲ್ಲರೂ ನೀರಿಗೇ ಕಾಲಿಟ್ರು, ಒದ್ದೆ ಕಾಲಲ್ಲೇ ಸ್ಟೇಜ್ ಹತ್ತಿ ದೀಪ ಹಚ್ಚಿದ್ರು. ಹಿಂದೆ ದೊಡ್ಡ ಫ್ಲೆಕ್ಸು, ಮಧ್ಯದಲ್ಲಿ ಒಂದು ಇಲಿ, ಸುತ್ತ ಹನ್ನೆರಡು ಮಂದಿ ನಗಾಡುವ ಫೋಟೋ. ದೂರದಿಂದ ಕಂಡ್ರೆ ಆ ಇಲಿಯೇ ಈ ಸಲ ವಾರ್ಡಿಗೆ ನಿಂತದ್ದಾ ಅಂತ ಡೌಟು ಬರಬೇಕು.

ಸ್ವಾಗತ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಭಾಷಣ, ಆಶಂಸೆ, ಆಶಂಸೆ, ಮತ್ತೂ ಆಶಂಸೆ. ಮಲಯಾಳದವರ ಈ ಆಶಂಸೆ, ಅಂದ್ರೆ ಶುಭಾಶಯದ ಭಾಷಣ ಉಂಟಲ್ಲ, ಅದು ನಮ್ಮ ಅಡಿಕೆಯ ಕೊಳೆರೋಗದ ಹಾಗೆ, ಒಂದು ಗೊನೆಗೆ ಹಿಡಿದ್ರೆ ತೋಟ ಪೂರ್ತಿ. ಹೆಲ್ತ್ ಇನ್‌ಸ್ಪೆಕ್ಟರಿಗೆ ಕಡೆಗೆ ಐದು ನಿಮಿಷ ಕೊಟ್ರು. ಪಾಪ ಆ ಜನ ಒಳ್ಳೆ ಹೇಳ್ತಿದ್ರು. ಸೋಂಕು ತಾಗಿ ಹೆಚ್ಚಾಗಿ ಐದರಿಂದ ಹದಿನಾಲ್ಕು ದಿನದಲ್ಲಿ ಜ್ವರ ಶುರು, ತಲೆಸಿಡಿತ, ಕಣ್ಣು ಕೆಂಪು, ಮೀನಖಂಡ ಮುಟ್ಟಿದ್ರೆ ಬೊಬ್ಬೆ ಹೊಡೆಯುವಷ್ಟು ನೋವು, ಬಿಟ್ರೆ ಕಾಮಾಲೆ ಆಗಿ ಕಿಡ್ನಿಗೆ ಹೋಗ್ತದೆ, ಬೇಗ ಬಂದ್ರೆ ಸಾಧಾರಣ ಆಂಟಿಬಯಾಟಿಕ್‌ನಲ್ಲೇ ಗುಣ ಆಗ್ತದೆ ಅಂತ. ತೋಟ ಗದ್ದೆ ಚರಂಡಿಯಲ್ಲಿ ಕೆಲಸ ಮಾಡುವವರು ಡಾಕ್ಟ್ರತ್ರ ಕೇಳಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ತೆಗೆದುಕೊಳ್ಳಿ ಅಂತ ಹೇಳುದು ಮುಗಿಯುವಾಗ ಮೈಕ್ ಕೈಯಿಂದ ಹೋಯ್ತು, ಊಟ ತಣಿತಾ ಉಂಟಂತೆ.

ಊಟ ಬಿರಿಯಾನಿ. ಮುನ್ನೂರು ಪೊಟ್ಟಣ. ತಿಂದು ಎಲುಬು, ಅನ್ನ, ಕಾಗದ ಎಲ್ಲ ತೊಟ್ಟೆಯಲ್ಲಿ ಕಟ್ಟಿ ಹಾಲ್‌ನ ಹಿಂದೆ ತೋಡಿನ ಬದಿಗೆ ರಾಶಿ ಹಾಕಿದ್ರು. ಕೈ ತೊಳೆಯುವಾಗ ನಾನೇ ನೋಡಿದ್ದು, ಗೋಡೆಯ ಸಂದಿನಿಂದ ಒಂದು ಹೆಗ್ಗಣ ಹೊರಗೆ ಬಂತು, ಬೆಕ್ಕಿನ ಮರಿಯಷ್ಟು ಉಂಟು, ನಮ್ಮನ್ನು ನೋಡಿ ಓಡುವ ಅಂದಾಜೂ ಇಲ್ಲ, ಒಂದು ಎಲುಬು ಕಚ್ಚಿಕೊಂಡು ಆರಾಮಾಗಿ ನಡೆದು ಹೋಯ್ತು. ಮುಖ್ಯ ಅತಿಥಿ ತಡವಾಗಿ ಬಂದು ಬೇಗ ಹೋಗುದು ಹಾಗೆಯೇ ಅಲ್ವಾ.

ಪ್ಲಾಸ್ಟಿಕ್ ಆದ್ರೆ ಪರವಾಗಿಲ್ಲ, ಹರಿತ ಕರ್ಮಸೇನೆ ಅಂತ ಪಂಚಾಯತಿಗೆ ಕಸ ಒಟ್ಟುಮಾಡುವ ಅಕ್ಕಂದಿರು ತಿಂಗಳಿಗೆ 50 ರೂಪಾಯಿಗೆ ಮನೆಬಾಗಿಲಿಗೇ ಬಂದು ಕೊಂಡುಹೋಗ್ತಾರೆ, ನಾವು ಹಾಲಿನ ಕವರನ್ನು ತೊಳೆದು ಒಣಗಿಸಿ ಮಡಚಿ ಕೊಡ್ತೇವೆ, ಮನೆಯ ಬಟ್ಟೆಗೂ ಅಷ್ಟು ಮರ್ಯಾದೆ ಇಲ್ಲ. ಮೀನಿನ ತಲೆ, ಕೋಳಿಯ ಪುಕ್ಕ, ಹಳಸಿದ ಅನ್ನ ಮಾತ್ರ ರಾತ್ರಿ ಹತ್ತು ಗಂಟೆಗೆ ಸ್ಕೂಟರಿನ ಹ್ಯಾಂಡಲಿಗೆ ಸಿಕ್ಕಿಸಿ ಸಂಕದ ಹತ್ರ ಬರುವಾಗ ಲೈಟ್ ಆಫ್ ಮಾಡಿ ಬಿಸಾಡುದು. ನಾನು ಬಿಸಾಡುದಿಲ್ಲ ಅಂತ ಬರೀಲಿಕ್ಕೆ ಹೊರಟಿದ್ದೆ, ಪಕ್ಕದಲ್ಲಿ ಹೆಂಡತಿ ಓದ್ತಾ ಇದ್ದಾಳೆ, ಬೇಡ. ಆ ಸಂಕದ ಹತ್ರ ಬೋರ್ಡೊಂದು ಉಂಟು, ಅದರಲ್ಲಿ ಕನ್ನಡವೂ ಉಂಟು ಮಾರಾಯ್ರೆ! "ಇಲ್ಲಿ ಮಾಲಿನ್ಯ ನಿಕ್ಷೇಪಿಸ ಬಾರದು." ಮಲಯಾಳದಲ್ಲಿ ನಿಕ್ಷೇಪ ಅಂದ್ರೆ ಸುರಿಯುದೂ ಹೌದು. ನಮ್ಮ ಕನ್ನಡದಲ್ಲಿ ನಿಕ್ಷೇಪ ಅಂದ್ರೆ ಹೂತಿಟ್ಟ ಚಿನ್ನ. ಹಾಗಾಗಿ ಎಲ್ಲರೂ ಬಂದು ಇಡ್ತಾರೆ, ಬಡ್ಡಿ ಇಲಿಗೆ.

ಇದು ಹಳ್ಳಿಯ ಕಾಯಿಲೆ ಅಂತ ಮೊದಲು ತಿಳ್ಕೊಂಡಿದ್ರಂತೆ. 2005ರ ಜುಲೈ 26ಕ್ಕೆ ಮುಂಬೈ ಮುಳುಗಿತಲ್ಲ, ನೀರು ಇಳಿದ ಮೇಲೆ ಅಲ್ಲಿಯೂ ಇದೇ. 2018ರ ಪ್ರಳಯದ ನಂತರ ಕೇರಳದಲ್ಲಿಯೂ ಇದೇ. ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಮಂದಿಗೆ ಬರ್ತದೆ, ಸುಮಾರು 59,000 ಮಂದಿ ಸಾಯ್ತಾರೆ ಅಂತ 2015ರಲ್ಲಿ ಒಂದು ಅಂದಾಜು ಬಂದಿತ್ತು. ಪೇಟೆ ದೊಡ್ಡದಾದ ಹಾಗೆ ಚರಂಡಿ ಸಣ್ಣದಾಗ್ತದೆ, ಅಷ್ಟೇ ಲೆಕ್ಕ.

ನಮಗೆ ಜ್ವರ ಜೋರಾದ್ರೆ ಹೋಗುದು ಮಂಗಳೂರಿಗೆ. 2020ರಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸಿಗೂ ಬಾಗಿಲು ಹಾಕಿದ್ರು, ಒಳಗಿನ ಗಡಿ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದ್ರು. ನಮ್ಮನ್ನು ನಿಲ್ಲಿಸಿದ ಆ ಮಣ್ಣಿನ ರಾಶಿ ಇಲಿಗೆ ಬಿಟ್ಟಿ ಸೈಟು. ಆಧಾರ್ ಬೇಡ, ಪಾಸ್ ಬೇಡ, ಕರ್ನಾಟಕದ ಬದಿಯಲ್ಲಿ ಮನೆ, ಕೇರಳದ ಬದಿಯಲ್ಲಿ ಊಟ.

ಕಾರ್ಯಕ್ರಮದ ಮರುದಿನ ಶ್ರಮದಾನ ಬೇರೆ ಇತ್ತು. ಬಿಳಿ ಮುಂಡು ಎತ್ತಿ ಕಟ್ಟಿ, ಬರಿಗಾಲಲ್ಲಿ ಚರಂಡಿಗೆ ಇಳಿದು, ಹಾರೆ ಹಿಡಿದು ಫೋಟೋ. ಗಂಬೂಟು ತಂದಿದ್ರು, ಆದ್ರೆ ಹಾಕಿದ್ರೆ ಫೋಟೋದಲ್ಲಿ ಕಷ್ಟ ಕಾಣುದಿಲ್ಲಂತೆ. ಹತ್ತು ದಿನ ಕಳೆದು ಭಾವನಿಗೆ ಜ್ವರ ಬಂತು. ಡಾಕ್ಟ್ರು ಕಣ್ಣು ನೋಡಿ, ಮೀನಖಂಡ ಒತ್ತಿ, "ಕೊಳಕು ನೀರಿಗೆ ಇಳಿದಿದ್ರಾ?" ಕೇಳಿದ್ರು. ತೋಟಕ್ಕೆ ಹೋಗುದು ನಮ್ಮವರ ಲೆಕ್ಕದಲ್ಲಿ ಇಳಿಯುದು ಅಲ್ಲ. ಭಾವ ತುಂಬ ಯೋಚನೆ ಮಾಡಿ ಹೇಳಿದ್ರು, "ಇಲ್ಲಪ್ಪ, ಆ ಎಲಿಪ್ಪನಿಯ ಮೀಟಿಂಗಿಗೆ ಹೋದದ್ದು ಬಿಟ್ರೆ ಬೇರೆ ಎಲ್ಲಿಯೂ ಇಲ್ಲ." ಐದು ದಿನ ಅಡ್ಮಿಟ್ ಆಗಿ ಬಂದ್ರು, ಈಗ ಗಂಜಿ ಉಪ್ಪಿನಕಾಯಿ ಉಣ್ತಾರೆ, ಆರಾಮ.

ಮೊನ್ನೆ ರೇಷನ್ ತರ್ಲಿಕ್ಕೆ ಹೋದವ ಹಾಲ್‌ನ ಹಿಂದೆ ನೋಡಿದೆ. ಬಿರಿಯಾನಿಯ ರಾಶಿ ಅಲ್ಲೇ ಉಂಟು, ವಾಸನೆ ಬರ್ತದೆ ಅಂತ ಯಾರೋ ದೂರು ಕೊಟ್ಟದ್ದಕ್ಕೆ ಕ್ರಮ ತೆಗೆದುಕೊಂಡಿದ್ದಾರೆ. ಆ ದೊಡ್ಡ ಫ್ಲೆಕ್ಸನ್ನು ತಂದು ರಾಶಿಯ ಮೇಲೆ ಮುಚ್ಚಿ ನಾಲ್ಕು ಮೂಲೆಗೆ ಕೆಂಪುಕಲ್ಲು ಇಟ್ಟಿದ್ದಾರೆ. ಇಲಿಯ ಚಿತ್ರ ಮೇಲೆ, ಇಲಿ ಕೆಳಗೆ. ಎಂಥಾ ಮಳೆ ಬಂದ್ರೂ ಅದಕ್ಕೆ ಒಂದು ಪನಿ ತಾಗುದಿಲ್ಲ.