ಚರ್ಚಿಲ್ ಕುಳಿತು ನೋಡಿದ್ದು ಬೆಂಟ್ಲಿ ಪ್ರಯರಿಯಲ್ಲಲ್ಲ

ಲಂಡನ್‌ನ ಸ್ಟ್ಯಾನ್‌ಮೋರ್‌ನಲ್ಲಿರುವ ಬೆಂಟ್ಲಿ ಪ್ರಯರಿ ಬಂಗಲೆಯ ಚಿತ್ರದೊಂದಿಗೆ ಒಂದು ಸಂದೇಶ ಓಡಾಡುತ್ತಿದೆ. ‘1940ರ ಸೆಪ್ಟೆಂಬರ್ 15ರಂದು ಚರ್ಚಿಲ್ ಇಲ್ಲಿಯೇ ಕುಳಿತು ಜರ್ಮನಿಯೊಂದಿಗಿನ ವಾಯುಸಮರ ವೀಕ್ಷಿಸಿದರು’ ಎಂಬುದು ಅದರ ಸಾರ. ಮನೆ ನಿಜ, ದಿನವೂ ನಿಜ. ಎರಡನ್ನೂ ಗಂಟು ಹಾಕಿದ್ದು ತಪ್ಪು.

ಆ ದಿನ ಚರ್ಚಿಲ್ ಇದ್ದದ್ದು ಪಶ್ಚಿಮ ಲಂಡನ್‌ನ ಅಕ್ಸ್‌ಬ್ರಿಜ್‌ನಲ್ಲಿ, ಆಗ್ನೇಯ ಇಂಗ್ಲೆಂಡಿನ ಆಕಾಶ ಕಾಯುತ್ತಿದ್ದ ವಾಯುಪಡೆಯ 11ನೇ ಗ್ರೂಪಿನ ನೆಲಮಾಳಿಗೆಯಲ್ಲಿ. 76 ಮೆಟ್ಟಿಲಿಳಿದು ಸೇರಬೇಕಾದ ಜಾಗವದು. ಮೀಸಲು ವಿಮಾನಗಳೆಷ್ಟಿವೆ ಎಂದು ಅವರು ಕೇಳಿದ್ದು, ಒಂದೂ ಇಲ್ಲವೆಂದು ಗ್ರೂಪಿನ ಮುಖ್ಯಸ್ಥ ಕೀತ್ ಪಾರ್ಕ್ ಉತ್ತರಿಸಿದ್ದು ಅಲ್ಲಿಯೇ.

ಹಾಗೆಂದು ಬೆಂಟ್ಲಿ ಪ್ರಯರಿಯ ತೂಕವೇನೂ ಕಡಿಮೆಯಾಗುವುದಿಲ್ಲ. 1936ರಿಂದ ಅದು ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನ ವಿಭಾಗವಾದ ಫೈಟರ್ ಕಮಾಂಡ್‌ನ ಪ್ರಧಾನ ಕಚೇರಿಯಾಗಿತ್ತು. ದಂಡನಾಯಕ ಹ್ಯೂ ಡೌಡಿಂಗ್. ಕರಾವಳಿಯ ರೇಡಾರ್ ಕೇಂದ್ರಗಳಿಂದ ದೂರವಾಣಿಯಲ್ಲಿ ಬರುತ್ತಿದ್ದ ವರದಿಗಳು ಮೊದಲು ಮುಟ್ಟುತ್ತಿದ್ದದ್ದು ಇಲ್ಲಿನ ಫಿಲ್ಟರ್ ರೂಮನ್ನು. ವಿಮಾನಗಳ ಒಂದೇ ದಂಡನ್ನು ಎರಡು ಕೇಂದ್ರಗಳು ಎರಡು ಕಡೆ ತೋರಿಸುವುದು ಸಾಮಾನ್ಯ. ಮೇಜಿನ ಮೇಲಿನ ನಕ್ಷೆಯಲ್ಲಿ ಅವನ್ನು ಹೊಂದಿಸಿ, ಒಂದೇ ಜಾಡಾಗಿಸಿ ಗ್ರೂಪುಗಳಿಗೆ ರವಾನಿಸುತ್ತಿದ್ದರು. ಯಾವ ಸ್ಕ್ವಾಡ್ರನ್ ಮೇಲೇರಬೇಕೆಂಬ ನಿರ್ಧಾರ ಮಾತ್ರ ಗ್ರೂಪಿನದು. ಗೊಂದಲ ಹುಟ್ಟಿದ್ದು ಬಹುಶಃ ಈ ಕೆಲಸದ ಹಂಚಿಕೆಯಿಂದಲೇ.

‘ಡೌಡಿಂಗ್‌ಗಾಗಿ ಕಟ್ಟಿಸಿದ ಮನೆ’ ಎಂಬ, ಸಂದೇಶದ ಇನ್ನೊಂದು ಮಾತಂತೂ ಶುದ್ಧ ಕಲ್ಪನೆ. 18ನೇ ಶತಮಾನದ ಈ ಮನೆಯನ್ನು ಅಬರ್‌ಕಾರ್ನ್ ಮಾರ್ಕ್ವೆಸ್‌ಗಾಗಿ ವಿಸ್ತರಿಸಿದವರು ವಾಸ್ತುಶಿಲ್ಪಿ ಜಾನ್ ಸೋನ್. ದೊರೆ ನಾಲ್ಕನೇ ವಿಲಿಯಂನ ವಿಧವೆ ರಾಣಿ ಅಡಿಲೇಡ್ 1849ರಲ್ಲಿ ಕೊನೆಯುಸಿರೆಳೆದದ್ದೂ ಇಲ್ಲಿಯೇ. ವಾಯುಪಡೆ 2008ರಲ್ಲಿ ತೆರವು ಮಾಡಿತು. 2013ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಡೌಡಿಂಗ್ ಅವರ ಕಚೇರಿಯನ್ನು ಇಂದಿಗೂ ಅಲ್ಲಿ ನೋಡಬಹುದು. ಚರ್ಚಿಲ್ ಇಳಿದ ಮೆಟ್ಟಿಲು ನೋಡಬೇಕೆಂದರೆ ಅಕ್ಸ್‌ಬ್ರಿಜ್‌ಗೆ ಹೋಗಬೇಕು.