ಕಷಾಯಕ್ಕೂ ಆಪರೇಷನ್‌ಗೂ ನಡುವೆ ಇರುವುದನ್ನು ಯಾರೂ ಹೇಳುವುದಿಲ್ಲ

ಮಂಡಿ ನೋವು ಬಂದರೆ ಊರಿಗೆಲ್ಲ ಹೇಳುತ್ತೇವೆ. ಶುಗರ್ ಎಷ್ಟಿದೆ ಅಂತ ಮದುವೆ ಮನೆಯ ಪಂಕ್ತಿಯಲ್ಲೇ ಲೆಕ್ಕ ಒಪ್ಪಿಸುತ್ತೇವೆ. ಗರ್ಭಕೋಶ ಜಾರಿದ್ದನ್ನು ಮಾತ್ರ ಗಂಡನಿಗೂ ಹೇಳದೆ ವರ್ಷಗಟ್ಟಲೆ ಓಡಾಡುತ್ತೇವೆ.

ನಮ್ಮ ಮೂಡಿಗೆರೆ ಕಡೆ ಕಾಫಿ ಹಣ್ಣು ಕುಯ್ಯುವ ಹೆಂಗಸರ ಜೊತೆ ಕೂತು ಮಾತಾಡಿ ನೋಡಿ. "ಸಂಜೆ ಆದ್ರೆ ಕೆಳಗೆ ಏನೋ ಇಳಿದ ಹಾಗೆ ಆಗುತ್ತೆ ಅಕ್ಕ, ಮಲಗಿದ್ರೆ ಸರಿಹೋಗುತ್ತೆ" ಅನ್ನುತ್ತಾರೆ. ಕೆಲವರಿಗೆ ಬೆರಳಲ್ಲಿ ಒಳಕ್ಕೆ ತಳ್ಳಿಕೊಳ್ಳದೆ ಮೂತ್ರವೇ ಹೋಗುವುದಿಲ್ಲ. ಆದರೂ ಮರುದಿನ ತೋಟ, ಮತ್ತೆ ಹಣ್ಣಿನ ಚೀಲ ತಲೆಮೇಲೆ.

ಗರ್ಭಕೋಶವನ್ನು ಕೆಳಗಿನಿಂದ ಹೊತ್ತುಕೊಂಡಿರುವುದು ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಸುತ್ತಲಿಂದ ಹಿಡಿದಿರುವುದು ನಾರಿನಂಥ ಕಟ್ಟುಗಳು. ಹೆರಿಗೆಯಲ್ಲಿ ಇವೆರಡೂ ಎಳೆದು ಸಡಿಲವಾಗುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕಡಿಮೆಯಾಗಿ ಇನ್ನಷ್ಟು ಸೊರಗುತ್ತವೆ. ಅದರ ಮೇಲೆ ಭಾರ, ಮಲಬದ್ಧತೆ, ಬಚ್ಚಲ ಒಲೆಯ ಹೊಗೆ ಕುಡಿದು ಬಿಡದೆ ಕಾಡುವ ಕೆಮ್ಮು. ಪ್ರತಿ ಸಲ ಕೆಮ್ಮಿದಾಗಲೂ ತಿಣುಕಿದಾಗಲೂ ಒತ್ತಡ ಕೆಳಕ್ಕೇ ಬೀಳುತ್ತದೆ.

ಬಾಣಂತನದ ಬಗ್ಗೆ ನಮಗೆ ಬಹಳ ಹೆಮ್ಮೆ. ಮೂರು ತಿಂಗಳು ಎಣ್ಣೆ ನೀರು, ಬೆಚ್ಚಗಿನ ಕೋಣೆ. ಆದರೆ ಆ ಬಾಣಂತನ ತೋಟದ ಯಜಮಾನರ ಮನೆಯವರಿಗೆ. ಕೂಲಿಯವರಿರುವ ಲೈನ್ ಮನೆಯ ಬಾಣಂತಿ ಎಷ್ಟು ದಿನಕ್ಕೆ ಚೀಲ ಹೊರುತ್ತಾಳೆ ಅಂತ ನಾವು ಕೇಳುವುದೇ ಇಲ್ಲ. ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಇದೆ. ದಿನಗೂಲಿಯವಳಿಗೆ ಅದನ್ನು ಯಾರು ಕೊಡುತ್ತಾರೆ? ಈ ಮಾತಿಗೆ ತೋಟ ಇರುವ ನಮ್ಮ ನೆಂಟರು ಕೋಪಿಸಿಕೊಳ್ಳಬಹುದು. ಕೋಪಿಸಿಕೊಳ್ಳಲಿ.

ಇನ್ನು ಮನೆಮದ್ದು. ಮಾಚಿಕಾಯಿ, ಪಟಿಕದ ನೀರು, ಯಾವುದೋ ಬೇರಿನ ಉಂಡೆ ಒಳಗಿಡುವುದು, ಇದನ್ನೆಲ್ಲ ಹೇಳಿಕೊಡುವ ವಿಡಿಯೋಗಳು ಈಗ ಜಾಸ್ತಿ. ಮಾಚಿಕಾಯಿ ಒಗರು. ಒಗರು ತಾಗಿದರೆ ಮೇಲಿನ ಚರ್ಮ ಬಿಗಿಯಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಸಡಿಲವಾದ ಸ್ನಾಯುವಿಗೆ ಅದು ತಲುಪುವುದೇ ಇಲ್ಲ. ಬದಲಿಗೆ ಉರಿ, ಹುಣ್ಣು, ಸೋಂಕು ಆಗಬಹುದು. ಕಷಾಯ ಕುಡಿಯುವವರು ಡಾಕ್ಟರಿಗೆ ತಿಳಿಸಿ ಕುಡಿಯಲಿ, ತಕರಾರಿಲ್ಲ. ಆದರೆ ಅದು ಇಳಿದ ಗರ್ಭಕೋಶವನ್ನು ಮೇಲಕ್ಕೆ ಎಳೆಯುವುದಿಲ್ಲ.

ಔಷಧಿ ಇಲ್ಲದ ದಾರಿ ಬೇಕು ಅನ್ನುವವರಿಗೆ ನಿಜವಾಗಿ ಕೆಲಸ ಮಾಡುವುದು ವ್ಯಾಯಾಮ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರು. ಮೂತ್ರವನ್ನೂ ಗ್ಯಾಸನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗಿನಿಂದ ಮೇಲಕ್ಕೆ ಬಿಗಿಹಿಡಿಯಿರಿ. ಮೊದಲು ಕೆಲವು ಸೆಕೆಂಡು ಸಾಕು, ನಿಧಾನಕ್ಕೆ ಹತ್ತರವರೆಗೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಕೆಮ್ಮು ಬರುವಾಗ, ಕೊಡ ಎತ್ತುವ ಮುಂಚೆ ಒಮ್ಮೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ವಾರದಲ್ಲಿ ಏನೂ ಗೊತ್ತಾಗಲ್ಲ. ಮೂರು ನಾಲ್ಕು ತಿಂಗಳು ಬೇಕು. ಸರಿಯಾಗಿ ಮಾಡುತ್ತಿದ್ದೀರಾ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿಕೊಂಡರೆ ಒಳ್ಳೆಯದು. ಶುರುವಿನ ಹಂತದಲ್ಲಿ ಇದರಿಂದ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಪೂರ್ತಿ ಹೊರಗೆ ಬಂದಿದ್ದರೆ ವ್ಯಾಯಾಮ ಒಂದೇ ಸಾಲದು.

ಕಡುಬು, ಅಕ್ಕಿ ರೊಟ್ಟಿ ಬಿಡಿ ಅಂತ ಮಲೆನಾಡಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಜೊತೆಗೆ ಸೊಪ್ಪು, ಹುರುಳಿ, ನೀರು ಜಾಸ್ತಿ ಆದರೆ ತಿಣುಕುವುದು ತಪ್ಪುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ರಿಂಗ್ ವಿಷಯಕ್ಕೆ. ಪೆಸರಿ ಅನ್ನುತ್ತಾರೆ. ಸಿಲಿಕಾನ್‌ನ ಒಂದು ಬಳೆ. ಡಾಕ್ಟರ್ ಅಳತೆ ನೋಡಿ ಒಳಗೆ ಕೂರಿಸಿದರೆ ಅದು ಗರ್ಭಕೋಶವನ್ನು ಎತ್ತಿ ಹಿಡಿದಿರುತ್ತದೆ. ಆಗಾಗ ತೆಗೆದು ತೊಳೆಯಬೇಕು, ಪರೀಕ್ಷೆಗೆ ಹೋಗಬೇಕು. ಎಲ್ಲರಿಗೂ ಹೊಂದುವುದಿಲ್ಲ, ನಿಜ. ಆದರೆ ಆಪರೇಷನ್ ಬೇಡದವರಿಗೆ, ವಯಸ್ಸಾಗಿ ಅರಿವಳಿಕೆ ತಡೆಯದವರಿಗೆ ಎಷ್ಟು ಅನುಕೂಲ ಅಲ್ವಾ? ನಮ್ಮ ಕಡೆಯ ಹೆಂಗಸರಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. "ಮಕ್ಕಳಾಯ್ತಲ್ಲ, ತೆಗೆಸಿಬಿಡಿ" ಅನ್ನುವುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ.

ಆಪರೇಷನ್ ಬೇಡವೇ ಬೇಡ ಅಂತಲ್ಲ. ಹಲವರಿಗೆ ಅದೇ ಸರಿ. ಆದರೆ ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲವಾದ ಸ್ನಾಯು ಬಿಗಿಯಾಗುವುದಿಲ್ಲ. ತೆಗೆದ ಮೇಲೂ ಯೋನಿಯ ಮೇಲ್ಭಾಗ ಜಾರಬಹುದು. ಗರ್ಭಕೋಶ ಉಳಿಸಿಕೊಂಡೇ ಮೇಲಕ್ಕೆ ಕಟ್ಟುವ ಶಸ್ತ್ರಚಿಕಿತ್ಸೆಗಳೂ ಇವೆ. ಮುಂಬೈನ ಡಾ. ಶಿರೋಡ್ಕರ್ ಕಳೆದ ಶತಮಾನದಲ್ಲೇ ಅಂಥದ್ದೊಂದನ್ನು ರೂಪಿಸಿದ್ದರು. ಹಾಸನದ ಹಿಮ್ಸ್ ಆಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆ ಆಗಲಿ, ಹೋದಾಗ ಎರಡು ಪ್ರಶ್ನೆ ಬಾಯಿಬಿಟ್ಟು ಕೇಳಿ: ನನಗೆ ಯಾವ ಹಂತದಲ್ಲಿದೆ? ರಿಂಗ್ ಆಗುತ್ತಾ?

ಮೂತ್ರ ಕಟ್ಟಿದ್ದರೆ, ಹೊರಬಂದ ಭಾಗ ಒಳಗೆ ಹೋಗದಿದ್ದರೆ, ಅದರ ಮೇಲೆ ಹುಣ್ಣಾಗಿದ್ದರೆ, ಮುಟ್ಟು ನಿಂತ ಮೇಲೂ ರಕ್ತ ಕಂಡರೆ ವ್ಯಾಯಾಮ ಮಾಡಿ ನೋಡೋಣ ಅಂತ ಕೂರಬೇಡಿ. ಹಣ್ಣು ಕುಯ್ದು ಮುಗಿಯಲಿ ಅಂತಲೂ ಕಾಯಬೇಡಿ, ತಕ್ಷಣ ತೋರಿಸಿ.